ಕಾಲು ಸೋತ ಮನೆಗಳು

2001ರ ಜನವರಿ 26ರ ಬೆಳಿಗ್ಗೆ ಕಛ್‌ನಲ್ಲಿ ಭೂಮಿ ನಡುಗಿತು. ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಎಷ್ಟೋ ಕಾಂಕ್ರೀಟ್ ಬಹುಮಹಡಿ ಮನೆಗಳು ಕುಸಿದು ನೂರಾರು ಜನ ಸತ್ತರು. ಗುಜರಾತಿನ ಆ ಸುದ್ದಿಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು ಮಾತು: ಬಿದ್ದವುಗಳಲ್ಲಿ ಬಹಳಷ್ಟಕ್ಕೆ ನೆಲದಂತಸ್ತಿನಲ್ಲಿ ಗೋಡೆಯೇ ಇರಲಿಲ್ಲ, ವಾಹನ ನಿಲ್ಲಿಸಲು ಬಿಟ್ಟ ಜಾಗ, ಬರೀ ಕಂಬಗಳು. ಇಟ್ಟಿಗೆ ಗೋಡೆ ತುಂಬಿದ ಮೇಲಿನ ಮಹಡಿಗಳು ಪೆಟ್ಟಿಗೆಯಂತೆ ಬಿಗಿಯಾಗಿದ್ದವು. ಓಲಾಟವೆಲ್ಲ ಕೆಳಗಿನ ಕಂಬಗಳ ಪಾಲಿಗೆ ಬಂತು. ತುಂಬಿದ ಕೊಡ ಹೊತ್ತವಳ ಮೊಣಕಾಲು ಸೋತಂತೆ ಅವು ಮಡಚಿದವು. ಕಂಬದ ಉದ್ದ ಸರಳುಗಳನ್ನು ಬಳಸುವ ಕಬ್ಬಿಣದ ಬಳೆಗಳು ಒತ್ತಾಗಿದ್ದರೆ, ತುದಿಗಳು ಒಳಕ್ಕೆ ಬಾಗಿದ್ದರೆ, ಕಂಬ ಬಿರುಕು ಬಿಟ್ಟರೂ ಒಮ್ಮೆಲೇ ಕುಸಿಯದು. 2002ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ, ತೆರೆದ ಅಂತಸ್ತಿಗೆ ಹೆಚ್ಚಿನ ಬಲ ಕೊಡಲೇಬೇಕೆಂದಿತು. ಮನೆ ಕೊಳ್ಳುವಾಗ ನಾವು ಅಡುಗೆಕಟ್ಟೆ, ದೇವರ ಮನೆ ನೋಡುತ್ತೇವೆ. ಮಕ್ಕಳು ಮಲಗುವ ಸೂರನ್ನು ಹೊತ್ತ ಕಂಬಗಳ ವಿಚಾರವನ್ನೂ ಬಾಯಿಬಿಟ್ಟು ಕೇಳಬೇಕು.