ವೈಯಕ್ತಿಕ ಜಾಲತಾಣ, ಕನ್ನಡದಲ್ಲಿ

ಒಬ್ಬ ವ್ಯಕ್ತಿ ಸಂಬಳದ ಹಂಗಿಲ್ಲದೆ, ತನ್ನ ಖುಷಿಗೆ, ಬಹುಮಟ್ಟಿಗೆ ಕೈಯಿಂದಲೇ ಹಣ ಹಾಕಿ ನಡೆಸುವ ಜಾಲತಾಣ. ಹೋಮ್‌ಪೇಜು, ಬ್ಲಾಗು, ಒಬ್ಬರೇ ಸಂಪಾದಿಸುವ ಅಂತರಜಾಲ ಪತ್ರಿಕೆ, ಒಬ್ಬರ ಹವ್ಯಾಸದಿಂದ ಬೆಳೆದ ನಿಘಂಟು, ಇವೆಲ್ಲ ಈ ಹೆಸರಿನಡಿ ಬರುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ ಮುಗಿದದ್ದು 2004ರಲ್ಲಿ. ಕನ್ನಡ ಬ್ಲಾಗುಗಳ ಸುಗ್ಗಿ ಅದರ ಬೆನ್ನಿಗೇ ಬಂತು. ಹೀಗಾಗಿ ಈ ವಿಷಯ ಮುದ್ರಿತ ಆಕರಗಳ ಕೈಗೆ ಸರಿಯಾಗಿ ಸಿಗಲಿಲ್ಲ. ಜಾಲದಲ್ಲಿ ಸಿಗುವ ವಿವರಗಳು ಒಂದನ್ನು ನೋಡಿ ಇನ್ನೊಂದು ಬರೆದಂಥವು, ತಪ್ಪುಗಳೂ ಜೊತೆಯಲ್ಲೇ ನಕಲಾಗಿವೆ.

ಹೆಸರಿನಲ್ಲೇ ಒಂದು ತಕರಾರಿದೆ. ‘ಅಂತರ್’ ಎಂದರೆ ಒಳಗಿನದು, ಆದ್ದರಿಂದ ‘ಅಂತರ್ಜಾಲ’ವೆಂದರೆ ಒಂದು ಸಂಸ್ಥೆಯ ಒಳಗಿನ ಜಾಲವಾಗುತ್ತದೆ, ಇಂಟರ್‌ನೆಟ್ಟಿಗೆ ‘ಅಂತರಜಾಲ’ವೇ ಸರಿ ಎಂಬುದು ಒಂದು ವಾದ. ಪತ್ರಿಕೆಗಳು ಎರಡನ್ನೂ ಬಳಸುತ್ತವೆ. ‘ಜಾಲತಾಣ’ ನಿಂತಿತು, ಬ್ಲಾಗಿಗೆ ಸೂಚಿಸಿದ ಕನ್ನಡ ಪದಗಳು ನಿಲ್ಲಲಿಲ್ಲ, ‘ಬ್ಲಾಗಿಗ’ ಮಾತ್ರ ಚೆನ್ನಾಗಿ ಬೇರುಬಿಟ್ಟಿತು.

ಮೊದಲನೆಯದು ಯಾವುದು?

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಈ ಸಂಪರ್ಕವಿದ್ದದ್ದು ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ. ಶಿಕ್ಷಣ, ಸಂಶೋಧನ ಸಂಸ್ಥೆಗಳಿಗಾಗಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ಅದೂ ಒಂದು. ಕ್ಯಾಂಪಸ್ಸಿನ ಗೋಡೆಯ ಒಳಗೆ ಇಮೇಲ್ ಓಡಾಡುತ್ತಿದ್ದ ಕಾಲಕ್ಕೆ ಗೋಡೆಯ ಹೊರಗೆ ಮನೆಗೊಂದು ಫೋನು ಬರುವುದಕ್ಕೇ ವರ್ಷಗಟ್ಟಲೆ ಕಾಯಬೇಕಿತ್ತು.

ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ 1996ರ ಡಿಸೆಂಬರಿನಲ್ಲಿ ‘ವಿಶ್ವಕನ್ನಡ’ ಆರಂಭಿಸಿದರು. ಇದನ್ನು ಕೆಲವರು ಕನ್ನಡದ ಮೊದಲ ಜಾಲತಾಣ ಎನ್ನುತ್ತಾರೆ, ಕೆಲವರು ಮೊದಲ ಅಂತರಜಾಲ ಪತ್ರಿಕೆ ಎನ್ನುತ್ತಾರೆ. ಎರಡೂ ಒಂದೇ ಎಂಬಂತೆ ಬರೆಯುವುದರಿಂದ ಗೊಂದಲ. ಕನ್ನಡದ ಬಗ್ಗೆ ಇಂಗ್ಲಿಷಿನಲ್ಲಿದ್ದ ಪುಟ ಬೇರೆ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದ ಪುಟ ಬೇರೆ, ಕನ್ನಡ ಬರಹವನ್ನು ಚಿತ್ರವಾಗಿಸಿ ಅಂಟಿಸಿದ್ದು ಬೇರೆ, ಕನ್ನಡ ಅಕ್ಷರಗಳನ್ನೇ ಪಠ್ಯವಾಗಿ ಇಟ್ಟದ್ದು ಬೇರೆ. ಪರದೇಶದ ವಿಶ್ವವಿದ್ಯಾನಿಲಯಗಳಲ್ಲಿದ್ದ ಕನ್ನಡಿಗರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದುಕೊಳ್ಳುವ ರೂಢಿ ಇದಕ್ಕಿಂತ ಹಳೆಯದು. ನಿಯತವಾಗಿ ಕನ್ನಡ ಲಿಪಿಯಲ್ಲೇ ಓದಿಸಿದ ತಾಣ ಎಂಬ ಅರ್ಥದಲ್ಲಿ ‘ವಿಶ್ವಕನ್ನಡ’ಕ್ಕೆ ಸಾಟಿಯಾದ ಬೇರೆ ಹಕ್ಕುದಾರರಿಲ್ಲ. ಹೆಸರಿಗೆ ಪತ್ರಿಕೆಯಾದರೂ ಅದರ ಹಿಂದೆ ಇದ್ದದ್ದು ಒಬ್ಬರ ಹಟ; ಈ ಲೇಖನದಲ್ಲಿ ಅದನ್ನು ಸೇರಿಸಿರುವುದು ಆ ಕಾರಣಕ್ಕೆ.

ಹಳೆಯ ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್‌ನೆಟ್ ಆರ್ಕೈವ್ ತೆರೆದು ನೋಡಿದರೆ ತೀರ್ಮಾನವಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅಲ್ಲಿ ಸಿಗುವುದು ಆರ್ಕೈವಿನ ಯಂತ್ರ ಆ ಪುಟಕ್ಕೆ ಮೊದಲ ಸಲ ಬಂದುಹೋದ ದಿನ, ಪುಟ ಹುಟ್ಟಿದ ದಿನವಲ್ಲ.

ಫಾಂಟಿನ ಕಾಲ

ಆಗಿನ ಕಂಪ್ಯೂಟರುಗಳಿಗೆ ಕನ್ನಡ ಗೊತ್ತಿರಲಿಲ್ಲ. ಫಾಂಟು ಮಾಡುವವರು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು: ಕಕಾರದ ಒಡಲು ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತುಗಳು ಮತ್ತೊಂದು ಸಾಲಿನಲ್ಲಿ. ಪ್ರತಿ ತಯಾರಕರದೂ ಬೇರೆ ಬೇರೆ ಲೆಕ್ಕ. ‘ಶ್ರೀಲಿಪಿ’ ತಂತ್ರಾಂಶದಲ್ಲಿ ಬರೆದದ್ದು ‘ಆಕೃತಿ’ ತಂತ್ರಾಂಶದಲ್ಲಿ ತೆರೆಯುತ್ತಿರಲಿಲ್ಲ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಮುಂದೆ ಹೇಳಲಿರುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಪುಟವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಇವತ್ತು ತೆರೆದರೆ ಈ ಪದದ ಜಾಗದಲ್ಲಿ ಕಾಣುವುದು ಏಳು ಚಿಹ್ನೆಗಳು: ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ. ಮೂರು ಸಲ ಬಂದ ಆ ಎ ನಮ್ಮ ತಲೆಕಟ್ಟು. ಜರ್ಮನ್ ಅಕ್ಷರವೇ ನಕಾರದ ಒತ್ತು.

ಈ ತೊಡಕಿನಿಂದಾಗಿ ವೈಯಕ್ತಿಕ ತಾಣಗಳ ಮೊದಲ ಪುಟದಲ್ಲಿ ಕವಿತೆಗೂ ಮುಂಚೆ ಒಂದು ಸೂಚನೆ ಇರಬೇಕಾಗುತ್ತಿತ್ತು: ಮೊದಲು ಫಾಂಟು ಇಳಿಸಿಕೊಳ್ಳಿ. ಡಯಲ್-ಅಪ್ ಸಂಪರ್ಕದಲ್ಲಿ, ಗಂಟೆಯ ಲೆಕ್ಕಕ್ಕೆ ದುಡ್ಡು ತೆತ್ತು ಕೂತವರಿಗೆ ಇದು ಬೇಡದ ಕೆಲಸ. ಸೈಬರ್ ಕೆಫೆಗಳಲ್ಲಿ ಬೇರೆಯವರ ಕಂಪ್ಯೂಟರಿಗೆ ಫಾಂಟು ಹಾಕುವುದಂತೂ ಮಾಲೀಕನ ಮರ್ಜಿ. ಪುಟದ ಜೊತೆಗೇ ಫಾಂಟನ್ನೂ ಕಳಿಸುವ ‘ಡೈನಮಿಕ್ ಫಾಂಟು’ ಸ್ವಲ್ಪ ಸಮಾಧಾನ ತಂದಿತು, ‘ವಿಶ್ವಕನ್ನಡ’ ಅದನ್ನು ಬೇಗ ಅಳವಡಿಸಿಕೊಂಡಿತು. ಆದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಒಂದು ಬಗೆಯದು ಬೇಕು, ನೆಟ್‌ಸ್ಕೇಪಿಗೆ ಇನ್ನೊಂದು.

1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಬಿಟ್ಟರು. ಕೀಲಿಮಣೆ ಕಲಿಯದವರೂ ಇಂಗ್ಲಿಷ್ ಕಾಗುಣಿತದಲ್ಲಿ ಕುಟ್ಟಿ ಕನ್ನಡ ಪಡೆಯಬಹುದಾಯಿತು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಬೆಂಬಲದೊಂದಿಗೆ ಬಂತು. ಬರೆಯುವುದು ಸಲೀಸಾಯಿತು. ಓದಿಸುವ ತೊಂದರೆ ಹಾಗೆಯೇ ಉಳಿಯಿತು.

ಯೂನಿಕೋಡ್ ಮತ್ತು ಬ್ಲಾಗು

ಈ ಇತಿಹಾಸದ ತಿರುವನ್ನು ಸಾಮಾನ್ಯವಾಗಿ ಬ್ಲಾಗುಗಳ ಹೆಸರಿನಲ್ಲಿ ಹೇಳುತ್ತಾರೆ. ನಿಜವಾದ ತಿರುವು ಅದಕ್ಕೂ ಮೊದಲು, ಸದ್ದಿಲ್ಲದೆ ಆದದ್ದು. ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಮನೆ ಕೊಡುವ ಜಾಗತಿಕ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನ 1991ರ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಮನೆಗಳಿದ್ದರೂ, ವಿಂಡೋಸಿನಲ್ಲಿ ಅದು ಕಂಡದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನ ಮೂಲಕ. ಅದೂ ತಾನಾಗಿ ಅಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಸಂಕೀರ್ಣ ಲಿಪಿಗಳ ಮುಂದೆ ಗುರುತು ಹಾಕಿದರೆ, ಎಕ್ಸ್‌ಪಿಯ ಸಿ.ಡಿ. ಹಾಕು ಎನ್ನುತ್ತಿತ್ತು. ಎಷ್ಟೋ ಮನೆಗಳಲ್ಲಿ ಆ ಸಿ.ಡಿ. ಇರುತ್ತಿರಲಿಲ್ಲ, ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವನ ಹತ್ತಿರ ಇರುತ್ತಿತ್ತು. ಅದಿಲ್ಲದಿದ್ದರೆ ಕಾಗುಣಿತ ಒಡೆದು, ಒತ್ತಿನ ಬದಲು ಅರ್ಧಾಕ್ಷರ ಪಕ್ಕದಲ್ಲಿ ಕೂರುತ್ತಿತ್ತು.

ಇದೊಂದು ದಾಟಿದ ಮೇಲೆ ಉಳಿದದ್ದು ಸುಲಭ. ಬ್ಲಾಗು ನಡೆಸುವ ಸೇವೆಯಾದ ಬ್ಲಾಗರ್ 1999ರಲ್ಲೇ ಬಂದಿತ್ತು, 2003ರಲ್ಲಿ ಗೂಗಲ್ ಪಾಲಾಯಿತು. ಅದೇ ವರ್ಷ ವರ್ಡ್‌ಪ್ರೆಸ್ ಮತ್ತು ಕನ್ನಡ ವಿಕಿಪೀಡಿಯ ಶುರುವಾದವು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ ಎಂಬ ಸಮುದಾಯ ತಾಣ ಕಟ್ಟಿದರು. 2007ರಲ್ಲಿ ಟಿ. ಜಿ. ಶ್ರೀನಿಧಿಯವರ ವಿಜ್ಞಾನ ತಾಣ ‘ಇಜ್ಞಾನ’, ಜಿ. ಎನ್. ಮೋಹನ್ ಅವರ ‘ಅವಧಿ’, ಅಬ್ದುಲ್ ರಶೀದರ ‘ಕೆಂಡಸಂಪಿಗೆ’ ಬಂದವು. ಇವುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ.

ಬರೆಯದೆ ಉಳಿದದ್ದು 2006ರ ಜುಲೈ ಪ್ರಸಂಗ. ಮುಂಬಯಿಯ ರೈಲು ಸ್ಫೋಟಗಳ ನಂತರ ಕೆಲವೇ ಪುಟಗಳನ್ನು ತಡೆಯುವಂತೆ ಕೇಂದ್ರದ ಆದೇಶ ಹೋಯಿತು. ಸಂಪರ್ಕ ಕಂಪನಿಗಳು ಬ್ಲಾಗರಿನ ಪುಟಗಳಿದ್ದ ಬ್ಲಾಗ್‌ಸ್ಪಾಟ್ ವಿಳಾಸವನ್ನು ಇಡಿಯಾಗಿ ಮುಚ್ಚಿಬಿಟ್ಟವು. ಇಲ್ಲಿನ ಬ್ಲಾಗಿಗರಿಗೆ ತಮ್ಮದೇ ಪುಟ ಕೆಲವು ದಿನ ಕಾಣಲಿಲ್ಲ. ಬರೆಯುವ ಕೋಣೆ ಬೇರೆ ವಿಳಾಸದಲ್ಲಿದ್ದದ್ದರಿಂದ ಬರೆದು ಪ್ರಕಟಿಸಬಹುದಿತ್ತು, ಪ್ರಕಟವಾದದ್ದನ್ನು ನೋಡುವಂತಿರಲಿಲ್ಲ. ಸ್ವಂತ ಡೊಮೈನಿನ ಬೆಲೆ ಹಲವರಿಗೆ ತಿಳಿದದ್ದು ಆಗ. ಡಾಟ್ ಇನ್ ಹೆಸರುಗಳು 2005ರ ಫೆಬ್ರವರಿಯಿಂದ ಎಲ್ಲರಿಗೂ ಮುಕ್ತವಾಗಿದ್ದವು.

ಫೇಸ್‌ಬುಕ್ ಹಬ್ಬಿದಂತೆ ಬ್ಲಾಗುಗಳು ತೆಳುವಾದವು. ಈ ಇಳಿತಕ್ಕೆ ಹೊರತಾದವರು ಬರಹವನ್ನು ಕಾಪಿಡುವ ಉದ್ದೇಶ ಇಟ್ಟುಕೊಂಡವರು. ಮಂಗಳೂರಿನಲ್ಲಿ 1975ರಿಂದ ‘ಅತ್ರಿ ಬುಕ್ ಸೆಂಟರ್’ ನಡೆಸಿದ ಜಿ. ಎನ್. ಅಶೋಕವರ್ಧನ 2012ರಲ್ಲಿ ಅಂಗಡಿ ಮುಚ್ಚಿದರೂ ಅದರ ಹೆಸರಿನ ಜಾಲತಾಣವನ್ನು ಮುಂದುವರಿಸಿದರು. ಪ್ರವಾಸ ಕಥನಗಳ ಜೊತೆಗೆ ತಂದೆ ಜಿ. ಟಿ. ನಾರಾಯಣ ರಾವ್ ಅವರ ಪುಸ್ತಕಗಳನ್ನೂ ಅಲ್ಲಿ ಉಚಿತವಾಗಿ ಕೊಟ್ಟರು. ವಿ. ಕೃಷ್ಣ ದಶಕಗಳ ಕಾಲ ಒಬ್ಬರೇ ಕೂತು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರ ಡಿಸೆಂಬರಿನಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಮುಕ್ತ ಪರವಾನಗಿಯಲ್ಲಿ ಜಾಲಕ್ಕೆ ಬಂತು. ಅದರಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ.

ಹೆಬ್ಬಾಳದ ಕಲ್ಲು

ಇಂಥದೇ ಕಾಪಿಡುವ ಕೆಲಸಕ್ಕೆ ಉತ್ತರ ಬೆಂಗಳೂರಿನ ಈಚಿನ ನಿದರ್ಶನ ಸ್ವಂತ ತಾಣವಿಲ್ಲದ ಸ್ವಂತ ಪ್ರಕಟಣೆಯದು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅವುಗಳಲ್ಲಿ ಎಷ್ಟು ಕಲ್ಲು ಈಗ ಉಳಿದಿವೆ ಎಂದು ಊರೂರು ಅಲೆದು ನೋಡಿ, ಸಿಕ್ಕವನ್ನು ಜಾಲದ ನಕ್ಷೆಯಲ್ಲಿ ಗುರುತಿಸುವ ಕೆಲಸಕ್ಕೆ ಪಿ. ಎಲ್. ಉದಯಕುಮಾರ್ ಮತ್ತು ಹವ್ಯಾಸಿ ಗೆಳೆಯರು ಇಳಿದರು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ರೈಸ್ ಪಟ್ಟಿಯಲ್ಲಿಲ್ಲದ ಒಂದು ವೀರಗಲ್ಲು ಎದ್ದಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದು; ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನವೆಂದು ಗುರುತಿಸಲಾಗಿದೆ. ಹೋರಾಟದಲ್ಲಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ, ಹೆಬ್ಬಾಳದ ಹಳೆಯ ರೂಪವೂ ಇದೆ: ಪೆರ್ಬೊೞಲ್. ಕಲ್ಲನ್ನು 3ಡಿ ಸ್ಕ್ಯಾನ್ ಮಾಡಿ ಅಕ್ಷರಗಳ ಬಿಡಿಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರು. 2021ರಿಂದ ಬೆಂಗಳೂರಿನ ಇತಿಹಾಸ ಸಂಶೋಧನ ಸಂಸ್ಥೆಯಾದ ಮಿಥಿಕ್ ಸೊಸೈಟಿ ಈ ಕೆಲಸವನ್ನು ಇಡೀ ಬೆಂಗಳೂರು ಪ್ರದೇಶಕ್ಕೆ ವಿಸ್ತರಿಸಿದೆ. 1999ರಲ್ಲಿ ಆಗಿದ್ದರೆ ಇಂಥವರು ಪುಟಗಳಿಗೆ ಉಚಿತವಾಗಿ ಜಾಗ ಕೊಡುತ್ತಿದ್ದ ಜಿಯೋಸಿಟೀಸಿನಲ್ಲಿ ಒಂದು ಹೋಮ್‌ಪೇಜು ತೆರೆಯುತ್ತಿದ್ದರು.

ಆ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕೆಲವು ಸಂಗ್ರಾಹಕರು ಆತುರದಲ್ಲಿ ಬಾಚಿಕೊಂಡ ಪುಟಗಳು ಮಾತ್ರ ಉಳಿದವು. ಹಾಗೆ ಉಳಿದ ಕನ್ನಡ ಪುಟವೂ ಫಾಂಟಿನ ಕಾಲದ್ದಾದರೆ ಕಣ್ಣಿಗೆ ಬೀಳುವುದು ಪೌಂಡು, ಜರ್ಮನ್ ಎಸ್ಸುಗಳ ಸಾಲೇ. ಅದನ್ನು ಓದಬಲ್ಲ ಕನ್ನಡಕ್ಕೆ ತಿರುಗಿಸಲು ಜನ ಬಳಸುತ್ತ ಬಂದಿರುವ ಪರಿವರ್ತಕಗಳಲ್ಲಿ ಒಂದು, ‘ಗುಬ್ಬಿ’ ಮತ್ತು ‘ನವಿಲು’ ಫಾಂಟುಗಳ ಕೆಲಸ ಮಾಡಿದ ಅರವಿಂದ ವಿ. ಕೆ. ತಮ್ಮ ಸ್ವಂತ ಜಾಲತಾಣದಲ್ಲಿ ಇಟ್ಟಿರುವಂಥದು. ಮೇಲಿನ ಚೌಕದಲ್ಲಿ ಆ ಸಾಲನ್ನು ಅಂಟಿಸಿ ಗುಂಡಿ ಒತ್ತಿದರೆ, ಕೆಳಗೆ ‘ಕನ್ನಡ’ ಎಂದು ಬರುತ್ತದೆ.