ಮೂರು ವರ್ಷದ ಗಡುವು: ಗೇರ್ಡ್ನರ್ ರೇಖೆಯ ಮರುಪರಿಶೀಲನೆ

ಗಂಡುಮಗುವಿನ ಮುಂದೊಗಲು ಹುಟ್ಟುವಾಗ ಶಿಶ್ನಮಣಿಗೆ ಅಂಟಿಕೊಂಡೇ ಇರುತ್ತದೆ; ಅದು ರೋಗವಲ್ಲ, ಬೆಳೆಯುತ್ತ ತಾನಾಗಿ ಬಿಡುತ್ತದೆ. ಇಷ್ಟರ ಮಟ್ಟಿಗೆ ವೈದ್ಯಲೋಕದಲ್ಲಿ ಇಂದು ಭಿನ್ನಾಭಿಪ್ರಾಯವಿಲ್ಲ. ಈ ಒಮ್ಮತಕ್ಕೆ ತಳಪಾಯ ಹಾಕಿದ್ದು ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ 1949ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಲೇಖನ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುನ್ನತಿಯ ಕಾರಣಕ್ಕೆ ವರ್ಷಕ್ಕೆ ಸುಮಾರು 16 ಎಳೆಯ ಮಕ್ಕಳು ಸಾಯುತ್ತಿದ್ದುದನ್ನು ಎತ್ತಿ ತೋರಿಸಿ, ವಾಡಿಕೆಯಂತೆ ನಡೆಯುತ್ತಿದ್ದ ಈ ಶಸ್ತ್ರಕ್ರಿಯೆಗೆ ವೈದ್ಯಕೀಯ ಆಧಾರವೇನು ಎಂದು ಅವರು ಕೇಳಿದರು. ಅವರ ಆ ನಿಲುವಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಅದೇ ಲೇಖನದ ವಯಸ್ಸಿನ ರೇಖೆಯ ಬಗ್ಗೆ.

ಆ ರೇಖೆಯ ಪ್ರಕಾರ ಮುಂದೊಗಲು ಹಿಂದೆ ಸರಿಯುವುದು ಹುಟ್ಟಿದಾಗ ಶೇ. 4ರಷ್ಟು ಮಕ್ಕಳಲ್ಲಿ, ಒಂದು ವರ್ಷಕ್ಕೆ ಅರ್ಧದಷ್ಟು ಮಕ್ಕಳಲ್ಲಿ, ಎರಡಕ್ಕೆ ಶೇ. 80 ಮತ್ತು ಮೂರಕ್ಕೆ ಶೇ. 90ರಷ್ಟು ಮಕ್ಕಳಲ್ಲಿ. ಪಠ್ಯಪುಸ್ತಕಗಳು ಇದನ್ನು ದಶಕಗಟ್ಟಲೆ ಎತ್ತಿ ಬರೆದುಕೊಂಡವು. ಅಲ್ಲಿಂದ ಒಂದು ಗಡುವು ಹುಟ್ಟಿತು: ಮೂರು ದಾಟಿದರೂ ತೊಗಲು ಸರಿಯದಿದ್ದರೆ ಅದು ‘ಫೈಮೋಸಿಸ್’.

ಈ ಗಡುವನ್ನು ಅಲುಗಾಡಿಸಿದ್ದು ಡೆನ್ಮಾರ್ಕಿನ ಯಾಕೋಬ್ ಓಸ್ಟರ್. ಆರರಿಂದ ಹದಿನೇಳು ವರ್ಷದ ಶಾಲಾ ಬಾಲಕರನ್ನು ವರ್ಷವರ್ಷವೂ ಪರೀಕ್ಷಿಸಿ, 9,545 ದಾಖಲೆಗಳನ್ನು ಕಲೆಹಾಕಿ 1968ರಲ್ಲಿ ಅವರು ವರದಿ ಮಾಡಿದರು. ಆರು–ಏಳು ವರ್ಷದವರಲ್ಲಿ ಶೇ. 63ರಷ್ಟು ಮಂದಿಗೆ ಇನ್ನೂ ಅಂಟು ಉಳಿದಿತ್ತು; ಹದಿನಾರು–ಹದಿನೇಳರ ಹೊತ್ತಿಗೆ ಅದು ಶೇ. 3ಕ್ಕೆ ಇಳಿದಿತ್ತು. ಮುಂದೊಗಲಿನ ಬಾಯಿಯೇ ಕಿರಿದಾಗಿದ್ದವರು ಮೊದಲ ಗುಂಪಿನಲ್ಲಿ ಶೇ. 8, ಕೊನೆಯದರಲ್ಲಿ ಶೇ. 1.

ಹಾಗಾದರೆ ಗೇರ್ಡ್ನರ್ ಎಣಿಕೆಯೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಅವರ ಲೇಖನದಲ್ಲೇ ಇನ್ನೊಂದು ಗುಂಪಿದೆ, ಅದನ್ನು ಉಲ್ಲೇಖಿಸುವವರು ಕಡಿಮೆ. ಐದರಿಂದ ಹದಿಮೂರು ವರ್ಷದ ಹುಡುಗರಲ್ಲಿ ಶೇ. 6ರಷ್ಟು ಮಂದಿಗೆ ತೊಗಲು ಸರಿಯುತ್ತಿರಲಿಲ್ಲ, ಇನ್ನೂ ಶೇ. 14ರಷ್ಟು ಮಂದಿಗೆ ಅರ್ಧಂಬರ್ಧ ಸರಿಯುತ್ತಿತ್ತು. ಎರಡನ್ನೂ ಕೂಡಿಸಿದರೆ ಐದು ದಾಟಿದ ಐವರಲ್ಲಿ ಒಬ್ಬನಿಗೆ ಪೂರ್ತಿ ಬಿಡುಗಡೆಯಾಗಿರಲಿಲ್ಲ. ಮೂರಕ್ಕೇ ಶೇ. 90 ಎನ್ನುವ ರೇಖೆಯ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ರೇಖೆ ತೋರಿಸುವ ಖಚಿತತೆ ಉಳಿಯುವುದಿಲ್ಲ. ಅರ್ಧ ಸರಿದದ್ದನ್ನು ಸರಿದ ಲೆಕ್ಕಕ್ಕೆ ಹಾಕಬೇಕೇ, ಬೇಡವೇ ಎಂಬುದರ ಮೇಲೆ ಇಡೀ ಚಿತ್ರ ಬದಲಾಗುತ್ತದೆ.

ನನ್ನ ವಾದ ಇಷ್ಟು: ಮೂರು ಬೇರೆ ಸ್ಥಿತಿಗಳು ಒಂದೇ ಹೆಸರಿನಡಿ ಬೆರೆತುಹೋದವು. ಒಳಪದರದ ಅಂಟು ಒಂದು, ಮೆತ್ತಗಿದ್ದರೂ ಕಿರಿದಾದ ಬಾಯಿ ಇನ್ನೊಂದು, ಗಾಯಕಲೆ ಕಟ್ಟಿ ಬಿಗಿದ ಬಾಯಿ ಮತ್ತೊಂದು. ಕಿರಿದಾದ ಬಾಯಿಯ ಮಟ್ಟಿಗೆ ಗೇರ್ಡ್ನರರ ಶೇ. 6 ಮತ್ತು ಓಸ್ಟರರ ಶೇ. 8 ಹೆಚ್ಚುಕಡಿಮೆ ಹೊಂದುತ್ತವೆ, ಜಗಳವಿರುವುದು ಅಂಟಿನಲ್ಲಿ. ಇದನ್ನು ಎಚ್ಚರದಿಂದಲೇ ಹೇಳುತ್ತಿದ್ದೇನೆ. ಇಬ್ಬರ ವಯೋಗುಂಪುಗಳು ಒಂದೇ ಅಲ್ಲ. ಓಸ್ಟರ್ ಲೆಕ್ಕದಲ್ಲಿ ಅಂಚಿನ ಸಣ್ಣ ಅಂಟೂ ಸೇರಿರಬಹುದು. ಉಳಿದ ಅಂಟನ್ನು ಮೊಂಡು ಸಲಾಕೆಯಿಂದ ಬಿಡಿಸಬಹುದು ಎಂದು ನಂಬಿದ್ದ ಗೇರ್ಡ್ನರ್ ಅದನ್ನು ಹಗುರವಾಗಿ ಎಣಿಸಿದ್ದರೂ ಆಶ್ಚರ್ಯವಿಲ್ಲ. ಆದರೂ 1996ರಲ್ಲಿ ಪ್ರಕಟವಾದ ಜಪಾನಿನ 603 ಬಾಲಕರ ಅಧ್ಯಯನ ಈ ವಿಂಗಡಣೆಯ ಕಡೆಗೇ ವಾಲುತ್ತದೆ: ಹನ್ನೊಂದರಿಂದ ಹದಿನೈದರವರಲ್ಲಿ ಪೂರ್ತಿ ಸರಿಯುತ್ತಿದ್ದುದು ಶೇ. 62.9ರಷ್ಟು ಮಂದಿಗೆ ಮಾತ್ರ, ಆದರೆ ಬಿಗಿ ಉಂಗುರವಿದ್ದವರು ಶೇ. 8.6. ಸರಿಯದಿದ್ದ ತೊಗಲುಗಳಲ್ಲಿ ಬಹುಪಾಲು ಬಿಗಿಯಾದವಲ್ಲ.

ಇದು ಬರಿಯ ಅಂಕಿಗಳ ವ್ಯಾಜ್ಯವಲ್ಲ. ಎಳೆಯ ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ತೊಗಲನ್ನು ದಿನವೂ ಹಿಂದಕ್ಕೆ ಎಳೆಯುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಎಳೆದಾಗ ಸೂಕ್ಷ್ಮವಾಗಿ ಹರಿಯುತ್ತದೆ. ಹರಿದದ್ದು ಮಾಯುವಾಗ ಕಲೆ ಕಟ್ಟಬಹುದು. ಇಲ್ಲದ ಬಿಗಿ ಹೀಗೆ ನಿಜವಾಗುತ್ತದೆ. ತೊಗಲಿನಡಿ ಕಾಣುವ ಬಿಳಿ ಗಂಟು ಬಹುಮಟ್ಟಿಗೆ ಸತ್ತ ಚರ್ಮಕೋಶಗಳ ಮುದ್ದೆ, ಕೀವಲ್ಲ. ಉಚ್ಚೆ ಹೊಯ್ಯುವಾಗ ತೊಗಲು ಉಬ್ಬುವುದೊಂದೇ ಶಸ್ತ್ರಕ್ರಿಯೆಗೆ ಕಾರಣವಾಗದು.

ವೈದ್ಯರ ಬಳಿ ಹೋಗಲು ವಯಸ್ಸಿಗಿಂತ ಲಕ್ಷಣಗಳೇ ಕಾರಣವಾಗಬೇಕು. ಬಾಯಿಯ ಸುತ್ತ ಬೆಳ್ಳಗೆ ಗಡುಸಾದ ಉಂಗುರ, ಹಿಂದೆ ಸರಿಯುತ್ತಿದ್ದ ತೊಗಲು ಸರಿಯದಾಗುವುದು, ಉಚ್ಚೆಯ ಧಾರೆ ಸಣ್ಣದಾಗುವುದು ಕಂಡರೆ ಬಾಲನೈಟಿಸ್ ಜೆರೋಟಿಕಾ ಆಬ್ಲಿಟೆರಾನ್ಸ್ ಎಂಬ ಕಾಯಿಲೆಯನ್ನು ಶಂಕಿಸಬೇಕು. ಶಂಕರ್ ಮತ್ತು ರಿಕ್‌ವುಡ್ 1999ರಲ್ಲಿ ತೋರಿಸಿದಂತೆ, ಹದಿನೈದು ತುಂಬುವುದರೊಳಗೆ ನಿಜವಾದ ಫೈಮೋಸಿಸ್ ಆಗುವುದು ಶೇ. 0.6ರಷ್ಟು ಹುಡುಗರಿಗೆ. ಕೆಂಪಾಗಿ ಬಾತು, ಕೀವು ಒಸರಿ ಜ್ವರ ಬಂದರೆ ತಡಮಾಡಬಾರದು. ಹಿಂದೆ ಸರಿಸಿದ ತೊಗಲು ಮುಂದೆ ಬಾರದೆ ಶಿಶ್ನಮಣಿ ಊದಿಕೊಂಡರೆ ಅದು ಪ್ಯಾರಾಫೈಮೋಸಿಸ್. ಅದೇ ಗಂಟೆಯಲ್ಲಿ ಆಸ್ಪತ್ರೆ ಸೇರಬೇಕು. ಮೂತ್ರದ ಕೊಳವೆ ಹಾಕಿದ ಮೇಲೆ ತೊಗಲನ್ನು ಮುಂದೆ ತರಲು ಮರೆತು, ಆಸ್ಪತ್ರೆಯಲ್ಲೇ ಮುದುಕರಿಗೆ ಇದು ಆಗುವುದುಂಟು. ನಡುವಯಸ್ಸಿನಲ್ಲಿ ತೊಗಲು ಹೊಸದಾಗಿ ಬಿಗಿದು, ಸೀಳಿ, ತುರಿಸತೊಡಗಿದರೆ ಮೊದಲು ನೋಡಬೇಕಾದ್ದು ರಕ್ತದ ಸಕ್ಕರೆ. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳು ಉಚ್ಚೆಯಲ್ಲಿ ಸಕ್ಕರೆ ಹರಿಸುವುದರಿಂದ ಅಲ್ಲಿ ಬೂಷ್ಟಿನ ಸೋಂಕನ್ನೂ ಹೆಚ್ಚಿಸುತ್ತವೆ.

ಕಲೆಯಿಲ್ಲದ ಬಿಗಿಗೆ ಬೀಟಾಮೆಥಾಸೋನ್ ಮುಲಾಮನ್ನು ನಾಲ್ಕರಿಂದ ಎಂಟು ವಾರ ಹಚ್ಚಿಸುವುದು ಈಗ ರೂಢಿ. ಬಹುಪಾಲು ಹುಡುಗರಲ್ಲಿ ಫಲಿಸುತ್ತದೆ. ಆದರೆ ಓಸ್ಟರ್ ಕಂಡಂತೆ ಆ ಬಿಗಿಯಲ್ಲಿ ಹೆಚ್ಚಿನದು ಹರೆಯಕ್ಕೆ ಬರುವಾಗ ಸುಮ್ಮನಿದ್ದರೂ ಸಡಿಲಾಗುತ್ತದೆ. ಹಾಗಿರುವಾಗ ನೋವಿಲ್ಲದ, ಸೋಂಕಿಲ್ಲದ ಹತ್ತು ವರ್ಷದ ಹುಡುಗನಲ್ಲಿ ಮುಲಾಮು ಮಾಡುವ ಕೆಲಸವೆಷ್ಟು, ಕಾಲ ಮಾಡುವ ಕೆಲಸವೆಷ್ಟು? ಅಂಟನ್ನೂ ಬಿಗಿಯನ್ನೂ ಬೇರೆಬೇರೆ ದಾಖಲಿಸುತ್ತ, ಅದೇ ಹುಡುಗರನ್ನು ಹದಿನೆಂಟರವರೆಗೆ ಹಿಂಬಾಲಿಸುವ ಹೋಲಿಕೆಯಿಂದ ಮಾತ್ರ ಇದು ಇತ್ಯರ್ಥವಾದೀತು.