90 ಅಡಿ ಬಾವಿ, ನೆರೆಯವನ ಒಂದು ಪ್ರಶ್ನೆ

ಇವತ್ತಿನ ಕಥೆ ಒಂದು ಬಾವಿಯ ತಳದಿಂದ ಶುರುವಾಗುತ್ತೆ.

1850ರ ದಶಕದ ಕೊನೆ, ಅಮೆರಿಕದ ವಿಸ್ಕಾನ್ಸಿನ್. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಉಳಿ, ಸುತ್ತಿಗೆ ಹಿಡಿದು ಮರಳುಗಲ್ಲು ಕಡೀತಿದ್ದಾನೆ. ಆಗಲೇ ಸುಮಾರು 80 ಅಡಿ ಆಳ. ಬೆಳಿಗ್ಗೆ ಅಪ್ಪ ಬಕೆಟ್‌ನಲ್ಲಿ ಕೂರಿಸಿ ಕೆಳಗಿಳಿಸಿದರೆ ಮಧ್ಯಾಹ್ನ ಊಟಕ್ಕೆ ಮೇಲೆ, ಮತ್ತೆ ಕತ್ತಲಾಗುವವರೆಗೆ ಕೆಳಗೆ. ಒಂದು ರಾತ್ರಿ ತಳದಲ್ಲಿ ವಿಷಗಾಳಿ ತುಂಬಿಕೊಂಡಿತ್ತು. ಬೆಳಿಗ್ಗೆ ಇಳಿದವನಿಗೆ ತಲೆ ಸುತ್ತಿತು. ಮೇಲಿಂದ ಅಪ್ಪ ಕೂಗಿದ್ದು ಕೇಳಿ ಹೇಗೋ ಬಕೆಟ್ ಹತ್ತಿದ, ಬದುಕಿಕೊಂಡ. ಚೇತರಿಸಿಕೊಂಡ ಮೇಲೆ ಮತ್ತೆ ಅವನನ್ನೇ ಇಳಿಸಿದರು. 90 ಅಡಿಗೆ ನೀರು ಸಿಕ್ಕಿತು.

ಆ ಹುಡುಗ ಜಾನ್ ಮ್ಯೂರ್. ಮುಂದೆ ಯೊಸೆಮಿಟಿ ಕಣಿವೆಗಾಗಿ ಹೋರಾಡಿ, 1892ರಲ್ಲಿ ಸಿಯೆರಾ ಕ್ಲಬ್ ಕಟ್ಟಿದವರು. ಆದರೆ ನಾನಿವತ್ತು ಹೇಳೋದು ಅವರ ಮನೆಯ ಹೊಲದ ಕಥೆ.

ಮ್ಯೂರ್ ಕುಟುಂಬ ಸ್ಕಾಟ್ಲೆಂಡಿನ ಡನ್‌ಬಾರ್‌ನದ್ದು. ಅಪ್ಪ ಡೇನಿಯಲ್‌ಗೆ ಅಲ್ಲಿ ಧಾನ್ಯದ ಅಂಗಡಿ ಇತ್ತು. ಮನುಷ್ಯ ಕಟ್ಟಾ ದೈವಭಕ್ತ. 1849ರಲ್ಲಿ ಮೂರು ಮಕ್ಕಳನ್ನು ಕರ್ಕೊಂಡು ಹಡಗು ಹತ್ತಿದ. ಸಮುದ್ರದ ಮೇಲೆ ಆರು ವಾರಕ್ಕೂ ಹೆಚ್ಚು. ಬಫಲೊ ಊರಿನ ಧಾನ್ಯ ವ್ಯಾಪಾರಿಯೊಬ್ಬ, ತನ್ನ ಹತ್ರ ಬರೋ ಗೋಧಿಯಲ್ಲಿ ಹೆಚ್ಚಿನದು ವಿಸ್ಕಾನ್ಸಿನ್‌ದು ಅಂದ. ಸರಿ, ಅಲ್ಲಿಗೇ ಹೋಗೋಣ ಅಂತಾಯ್ತು. ಒಂದು ಕೆರೆಯ ಪಕ್ಕ ಜಮೀನು ಹಿಡಿದರು. ಅದೇ ಫೌಂಟನ್ ಲೇಕ್ ಫಾರ್ಮ್. ಮನೆ ಎದ್ದ ಮೇಲೆ ಅಮ್ಮ, ಉಳಿದ ಮಕ್ಕಳು ಬಂದು ಸೇರಿದರು.

ಆ ನೆಲ ಖಾಲಿ ಇತ್ತಾ? ಇಲ್ಲ. ಅದು ಹೋ-ಚಂಕ್, ಮೆನೊಮಿನಿ ಜನರ ನಾಡು. ಒಪ್ಪಂದಗಳ ಹೆಸರಲ್ಲಿ ಅವರನ್ನ ಹಿಂದೆ ಸರಿಸಿದ್ದರು.

ಈ ಬಗ್ಗೆ ಡೇನಿಯಲ್‌ಗೂ ನೆರೆಯ ರೈತ ಮೇರ್‌ಗೂ ವಾದ ಆಗುತ್ತೆ. ಮ್ಯೂರ್ 1913ರಲ್ಲಿ ಬಂದ ತಮ್ಮ ಬಾಲ್ಯದ ನೆನಪುಗಳ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಆ ಜನ ಬೇಟೆಯಾಡ್ಕೊಂಡು ಇರ್ತಾರೆ, ನಾವು ಉಳ್ತೀವಿ, ನೆಲವನ್ನ ಚೆನ್ನಾಗಿ ಬಳಸೋರಿಗೇ ದೇವರು ಅದನ್ನ ಕೊಡೋದು ಅನ್ನೋದು ಅಪ್ಪನ ವಾದ. ಅದಕ್ಕೆ ಮೇರ್ ಕೇಳಿದ್ದು: ನಮ್ಮಲ್ಲೂ ಎಷ್ಟೋ ಜನ ವ್ಯಾಪಾರಿಗಳು, ಕೆಲಸಗಾರರು, ಬೇಸಾಯ ಸರಿಯಾಗಿ ಬರಲ್ಲ. ನಾಳೆ ಪಳಗಿದ ರೈತರು ಬಂದು ಇದೇ ನೆಪ ಹೇಳಿ ನಮ್ಮನ್ನ ಓಡಿಸಿದರೆ?

ಉತ್ತರ ಹೊಲವೇ ಕೊಟ್ಟಿತು. ಮೊದಮೊದಲು ಎಕರೆಗೆ 20–25 ಬುಷೆಲ್ ಗೋಧಿ ಬರ್ತಿತ್ತು. ವರ್ಷವರ್ಷವೂ ಅದನ್ನೇ ಬಿತ್ತಿ ಬಿತ್ತಿ, ನಾಲ್ಕೈದು ವರ್ಷದಲ್ಲಿ ಒಳ್ಳೆ ಹೊಲದಲ್ಲೂ 5–6 ಬುಷೆಲ್‌ಗೆ ಇಳೀತು. ಮಣ್ಣು ಸೋತುಹೋಗಿತ್ತು. ಮಗನ ಮೈಯೂ ಅಷ್ಟೇ: ಹನ್ನೆರಡು ವರ್ಷದ ಹುಡುಗನನ್ನೇ ನೇಗಿಲಿಗೆ ಹಚ್ಚಿದ್ದರು. ಕೊನೆಗೆ ಅಪ್ಪ ಕೆಲವೇ ಮೈಲಿ ದೂರದ ಹಿಕರಿ ಹಿಲ್‌ನಲ್ಲಿ ಹೊಸ ಜಮೀನು ಹಿಡಿದ. ಅಲ್ಲಿ ನೀರಿರಲಿಲ್ಲ. ಅದಕ್ಕೇ ಆ ಬಾವಿ.

ದೊಡ್ಡವರಾದ ಮೇಲೆ ಮ್ಯೂರ್ ಹಳೇ ಕೆರೆಯ ಪಕ್ಕದ ಹುಲ್ಲುಗಾವಲನ್ನು ಭಾವನಿಂದ ಕೊಳ್ಳೋಕೆ ನೋಡಿದರು. ಉಳೋಕಲ್ಲ, ದನ ಬರದ ಹಾಗೆ ಬೇಲಿ ಹಾಕಿ ಹಾಗೇ ಬಿಡೋಕೆ. ಭಾವ ಒಪ್ಪಲಿಲ್ಲ. ಇವತ್ತು ಆ ಕೆರೆಯ ಸುತ್ತ ಮ್ಯೂರ್ ಹೆಸರಿನ ಪಾರ್ಕ್ ಇದೆ.

ಈ ನೆಲ ಪಾಳು ಬಿದ್ದಿದೆ, ನಾವು ಉಪಯೋಗಕ್ಕೆ ತರ್ತೀವಿ ಅಂತ ಯಾರಾದ್ರೂ ಹೇಳೋದು ಕೇಳಿಸಿದರೆ, ನನಗೆ ಮೇರ್ ಕೇಳಿದ ಆ ಪ್ರಶ್ನೆ ನೆನಪಾಗುತ್ತೆ. ನಿಮಗೂ ನೆನಪಿರಲಿ. ಮುಂದಿನ ಕಂತಿನಲ್ಲಿ ಸಿಗೋಣ.